ಸಾಸಿವೆ ದಿಂಬು

ಶಿರಾ ಗೇಟ್, ತುಮಕೂರು
9 ನವೆಂಬರ್ 2025

ಮಂಜುಳಕ್ಕನಿಗೆ,

ಫಿರ್ದೋಸ್ ಮಾಡುವ ಸಲಾಮು. ಕ್ಷೇಮ ವಿಚಾರಿಸಲು ಬರೆಯುತ್ತಿರುವ ಕಾಗದವಲ್ಲ ಇದು. ಗುರುವಾರದಿಂದ ಫೋನ್ ಮಾಡಿ ಮಾಡಿ ಸಾಕಾಯಿತು, ನೀವು ಎತ್ತುತ್ತಿಲ್ಲ. ಅದಕ್ಕೇ ಬರೆದು ಅಮೃತೂರು ಬಸ್ಸಿನ ಕಂಡಕ್ಟರ್ ಚೌಡಪ್ಪನ ಕೈಗೆ ಕೊಡುತ್ತಿದ್ದೇನೆ. ನಮ್ಮಿಬ್ಬರ ಮನೆ ನಡುವೆ ಬುಟ್ಟಿ ಹೊತ್ತು ಪಳಗಿದವನು, ಕಾಗದ ಅವನಿಗೆ ಭಾರವಾಗಲಾರದು.

ಗುರುವಾರ ನಮ್ಮ ಯಜಮಾನರ ಜೊತೆ ಗುಬ್ಬಿಗೆ ಹೋಗಿದ್ದೆ. ಅಲ್ಲಿನ ಮಹಾಲಿಂಗಯ್ಯನವರು ನಮ್ಮ ಅಂಗಡಿಯಲ್ಲಿ ತೊಟ್ಟಿಲ ಹಾಸಿಗೆ ಹೇಳಿದ್ದರು, ಅದನ್ನು ಕೊಟ್ಟು ಬರಲು. ಅವರ ಸೊಸೆ ನಿಮ್ಮ ತಂಗಿಯ ಮಗಳು ಅಂತ ಗೊತ್ತಾದದ್ದು ಅವರ ಮನೆಯಲ್ಲಿ ಕಾಫಿ ಕುಡಿಯುವಾಗ. ಮಗು ನೋಡೋಣ ಅಂತ ಒಳಗೆ ಹೋದೆ. ಮಗುವಿನ ತಲೆ ಕೆಳಗೆ ನನ್ನ ದಿಂಬು ಇತ್ತು.

ನನ್ನದೇ ಅಂತ ಹೇಗೆ ಹೇಳುತ್ತೀಯ ಅಂತ ಕೇಳಬೇಡಿ. ತಿಳಿ ಹಳದಿ ವಾಯಿಲ್ ಸೀರೆ ನನ್ನದು. ಮೂರು ಬದಿ ಕೆಂಪು ದಾರ. ದಾರ ಮುಗಿದದ್ದರಿಂದ ನಾಲ್ಕನೇ ಬದಿ ಹಸಿರು. ಆ ಹಸಿರು ಅಂಚು ನೋಡಿ ನಿಮ್ಮ ಮಾನಸಾ ಬಿದ್ದು ಬಿದ್ದು ನಕ್ಕಿದ್ದಳು. ಎಳೆಗೂಸಿನ ತಲೆ ಒಂದೇ ಕಡೆ ಚಪ್ಪಟೆಯಾಗದೆ ದುಂಡಗೆ ಕೂರಲಿ ಅಂತ, ಹತ್ತಿ ವ್ಯಾಪಾರದವರ ಮನೆಯ ಹೆಂಗಸು ನಾನು ಹತ್ತಿ ಬಿಟ್ಟು ಸಾಸಿವೆ ತುಂಬಿ, ಅವಳ ಚೊಚ್ಚಲ ಮಗುವಿಗೆ ಅಂತ ಕೈಯಲ್ಲೇ ಹೊಲಿದದ್ದು.

"ಈ ದಿಂಬು ಎಲ್ಲಿಂದ ಬಂತಮ್ಮ?" ಅಂತ ಆ ಹುಡುಗಿಯನ್ನು ಕೇಳಿದೆ. "ಅಮೃತೂರು ದೊಡ್ಡಮ್ಮ ಕೊಟ್ಟಿದ್ದು ಕಣ್ರೀ. ನನ್ ದೊಡ್ಡ ಮಗೂನೂ ಇದ್ರ ಮೇಲೇ ಮಲಗಿದ್ದು," ಅಂದಳು. ನನ್ನ ಮುಖ ಹೇಗಾಯಿತೋ, ನೀರು ಬೇಕಾ ಅಂತ ಕೇಳಿದಳು.

ಮಾನಸಾಳ ಕೂಸು ಉಳಿಯಲಿಲ್ಲ. ಮೂರು ವರ್ಷ ಆಯಿತು. ಆ ಸಂಕಟ ನಿಮ್ಮೊಬ್ಬರದೇ ಅಲ್ಲ. ಆದರೆ ದಿಂಬು ಅವಳ ಟ್ರಂಕಿನಲ್ಲಿ ಇರುತ್ತದೆ, ಅಲ್ಲಾಹ್ ಇನ್ನೊಂದು ಕೊಟ್ಟಾಗ ತೆಗೆಯುತ್ತಾರೆ ಅಂತ ನಾನು ನಂಬಿಕೊಂಡಿದ್ದೆ. ಯಾರಿಗೋ ಎತ್ತಿ ಕೊಟ್ಟಿದ್ದೀರಿ. ಯಾಕೆ ಕೊಟ್ಟಿರಿ? ಅಷ್ಟು ಹೇಳಿ ಸಾಕು.

ಫಿರ್ದೋಸ್


ಅಮೃತೂರು
16 ನವೆಂಬರ್ 2025

ಫಿರ್ದೋಸ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಫೋನ್ ಎತ್ತಲಿಲ್ಲ ಅಂತ ದೂರಿದ್ದೀರಿ. ಹೋದ ಸಲ ನಿಮ್ಮ ಜೊತೆ ಮಾತಾಡಿ ನನಗೆ ಬಿ.ಪಿ. ಏರಿತು ಅಂತ ನಮ್ಮ ಯಜಮಾನರು ನಿಮ್ಮ ನಂಬರು ಬ್ಲಾಕ್ ಮಾಡಿದ್ದಾರೆ. ಅವರಿಗೆ ಬ್ಲಾಕ್ ಮಾಡಲು ಬರುತ್ತದೆ, ತೆಗೆಯಲು ಬರುವುದಿಲ್ಲ. ತೆಗೆಯಿರಿ ಅಂತ ನಾನೂ ಹೇಳಿಲ್ಲ.

ದಾನದ ಹಸುವಿನ ಹಲ್ಲು ಎಣಿಸಬಾರದು ಅಂತ ಗಾದೆ. ದಾನ ಕೊಟ್ಟವರೇ ಮೂರು ವರ್ಷ ಬಿಟ್ಟು ಬಂದು ಹಲ್ಲು ಎಣಿಸುವುದನ್ನು ನಿಮ್ಮಲ್ಲೇ ಕಂಡೆ. ಕೊಟ್ಟ ಮೇಲೆ ಅದು ನಮ್ಮ ಮನೆಯ ವಸ್ತು. ಇಟ್ಟುಕೊಳ್ಳುತ್ತೇವೆ, ಯಾರಿಗಾದರೂ ಕೊಡುತ್ತೇವೆ, ನಿಮ್ಮ ಅಪ್ಪಣೆ ಕೇಳಬೇಕಾಗಿಲ್ಲ.

ಅಷ್ಟಕ್ಕೂ ಅದು ಏನು ಪೀತಾಂಬರವೇ? ಬಟ್ಟೆ ನಿಮ್ಮ ಹಳೇ ಸೀರೆ. ಒಳಗಿನ ಸಾಸಿವೆ ನಮ್ಮ ಹೊಲದ್ದು, ನಾನೇ ಕೇರಿ ಕಳಿಸಿದ್ದು. ಹೊಲಿಗೆ ಒಂದು ನಿಮ್ಮದು, ಅದರಲ್ಲೂ ದಾರ ಸಾಲಲಿಲ್ಲ. ಇಷ್ಟಕ್ಕೆ ಗುಬ್ಬಿಯಿಂದ ಅಮೃತೂರಿನ ತನಕ ರಂಪ.

ನಾನೂ ನಿಮಗೆ ಕೈಯಲ್ಲಿ ಮಾಡಿ ಕೊಟ್ಟಿದ್ದೇನೆ. ವಠಾರ ಬಿಟ್ಟು ಬರುವಾಗ ಹಸಿರು-ಹಳದಿ ವೈರಿನ ಬುಟ್ಟಿ ಹೆಣೆದು ಕೊಟ್ಟೆ, ಬೆರಳು ಬೊಬ್ಬೆ ಎದ್ದಿತ್ತು. ಹೋದ ಬಕ್ರೀದಿಗೆ ಅದರಲ್ಲಿ ನೀವು ಸಿಹಿ ಕಳಿಸಿದಾಗ ತಳದಲ್ಲಿ ಈರುಳ್ಳಿ ಸಿಪ್ಪೆ ಇತ್ತು. ನನ್ನ ಬುಟ್ಟಿಯಲ್ಲಿ ಈರುಳ್ಳಿ ಯಾಕೆ ಹಾಕಿದೆ ಅಂತ ನಾನು ಕಾಗದ ಬರೆದೆನಾ? ಸಿಪ್ಪೆ ಕೊಡವಿ ಸುಮ್ಮನಾದೆ. ದೊಡ್ಡತನ ಅಂದರೆ ಅದು.

ಇಲ್ಲಿಗೆ ಈ ವಿಷಯ ಮುಗಿಯಿತು.

ಮಂಜುಳಮ್ಮ ಅನಂತರಾಜು


ಶಿರಾ ಗೇಟ್, ತುಮಕೂರು
24 ನವೆಂಬರ್ 2025

ಮಂಜುಳಮ್ಮನವರಿಗೆ,

"ಏನೇ ಫಿರ್ದೋಸು" ಅನ್ನುತ್ತಿದ್ದವರು "ಫಿರ್ದೋಸ್ ಅವರಿಗೆ" ಅಂತ ಬರೆದಿರಿ. "ನೀನು" ಅನ್ನುತ್ತಿದ್ದ ಬಾಯಲ್ಲಿ "ನೀವು" ಬಂತು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸರಿ, ನನಗೂ ಮರ್ಯಾದೆ ಕೊಡಲು ಬರುತ್ತದೆ. ಇನ್ನು ಮೇಲೆ ಅಕ್ಕ ಇಲ್ಲ.

ವಿಷಯ ಮುಗಿಯಿತು ಅಂತ ನೀವೊಬ್ಬರೇ ಬಾಗಿಲು ಹಾಕಿಕೊಂಡರೆ ಮುಗಿಯುವುದಿಲ್ಲ. ಒಂದೇ ಗೋಡೆಯ ಆ ಕಡೆ ಈ ಕಡೆ ಬದುಕಿದವರು ನಾವು. ಮಾನಸಾ ಎರಡು ವರ್ಷದ ಮಗು ಇದ್ದಾಗ ನಾವು ಆ ವಠಾರಕ್ಕೆ ಬಂದದ್ದು. ಅವತ್ತಿನಿಂದ ಅವಳು ನನ್ನ ಅರ್ಜೂ ಜೊತೆ ಒಂದೇ ತಟ್ಟೆಯಲ್ಲಿ ತಿಂದಳು. ಜಡೆ ನಾನು ಹಾಕಿದೆ, ಲಂಗ ನಾನು ಹೊಲಿದೆ. ನಿಮ್ಮ ಮನೆಯಿಂದ ಬಂದ ಪಾತ್ರೆ ನಮ್ಮಿಂದ ಖಾಲಿ ಹೋಗಲಿಲ್ಲ, ನಮ್ಮದು ನಿಮ್ಮಿಂದ ಖಾಲಿ ಬರಲಿಲ್ಲ. ನಿಮ್ಮ ಮಾವ ಪುಟ್ಟರಂಗಯ್ಯನವರು ತೀರಿಕೊಂಡಾಗ ಒಂದೇ ಒಂದು ಸಲ ಖಾಲಿ ಬಂತು. "ಸೂತಕದ ಮನೆಯಿಂದ ಏನೂ ಹೊರಗೆ ಕೊಡಬಾರದು ಕಣೇ" ಅಂತ ದೂರ ನಿಂತು ಹೇಳಿದಿರಿ. ಆವತ್ತಿನ ಮುಖ ನನಗೆ ನೆನಪಿದೆ.

ಇನ್ನೊಂದು ಮಾತೂ ನೆನಪಿದೆ. ಮೂರು ವರ್ಷದ ಹಿಂದೆ, ಆಸ್ಪತ್ರೆಯ ಬಾಗಿಲಲ್ಲಿ ನೀವು ನಿಮ್ಮ ತಂಗಿಯ ಹೆಗಲ ಮೇಲೆ ತಲೆಯಿಟ್ಟು ಅಂದಿರಿ: "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು. ಇನ್ನೇನಾಗ್ತದೆ." ನಾನು ಕಂಬದ ಹಿಂದೆ ಇದ್ದೆ. ಕುಲಾವಿ ಯಾರೂ ಹೊಲಿದಿರಲಿಲ್ಲ. ದಿಂಬು ಹೊಲಿದವಳು ನಾನು. ಮಗು ಹುಟ್ಟುವ ಮೊದಲೇ ಏನೂ ತರಬಾರದು, ಹೊಲಿಯಬಾರದು ಅನ್ನುವ ನಿಮ್ಮ ಪದ್ಧತಿ ನನಗೆ ತಿಳಿದಿರಲಿಲ್ಲ. ಸೀಮಂತದ ದಿನ ಮಡಿಲಿಗೆ ಹಾಕಿದೆ. ನೀವೂ ಆಗ ನಗುತ್ತಲೇ ತೆಗೆದುಕೊಂಡಿರಿ.

ಮೂರು ವರ್ಷ ಈ ಮಾತು ನುಂಗಿಕೊಂಡು ನಿಮ್ಮ ಜೊತೆ ಮಾತಾಡಿದ್ದೇನೆ. ಈಗ ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳಿ. ನನ್ನ ದಿಂಬಿನಿಂದ ಆ ಕೂಸು ಹೋಯಿತು ಅಂತ ನೀವು ನಂಬಿದ್ದೀರಾ? ಹೌದು ಅಥವಾ ಇಲ್ಲ.

ಮತ್ತೆ, ನನ್ನ ಬುಟ್ಟಿ ನಿಮ್ಮಲ್ಲೇ ಇದೆ. ಕಳಿಸಿಕೊಡಿ.

ಫಿರ್ದೋಸ್ ಅಬ್ದುಲ್ ಖಾದರ್


ಅಮೃತೂರು
12 ಡಿಸೆಂಬರ್ 2025

ಫಿರ್ದೋಸ್ ಅವರಿಗೆ,

ರಾಗಿ ಕಟಾವು ಇತ್ತು. ನಿಮ್ಮ ಹಾಗೆ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕಾಗದ ಬರೆಯುವ ಪುರುಸೊತ್ತು ನಮಗಿಲ್ಲ, ಅದಕ್ಕೇ ತಡವಾಯಿತು.

ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳುವವರಿಗೆ ಒಳ್ಳೆ ಮಾತು ಎಲ್ಲಿಂದ ಕೇಳಿಸಬೇಕು? ಹೊಟ್ಟೆ ಉರಿಯುವಾಗ ಬಾಯಲ್ಲಿ ಏನು ಬಂತೋ ನನಗೆ ನೆನಪಿಲ್ಲ. ಕೋರ್ಟಿನ ಲಾಯರ್ ಹಾಗೆ ಹೌದು ಇಲ್ಲ ಅಂತ ಕೇಳಬೇಡಿ. ಸತ್ತ ಕೂಸಿನ ವಿಷಯ ಕೆದಕಿ ನಿಮಗೇನು ಸಿಗುತ್ತದೋ ಕಾಣೆ. ಮಾನಸಾಳ ಕಿವಿಗೆ ಇದೆಲ್ಲ ಹಾಕಬೇಡಿ ಅಂತ ನಿಮ್ಮ ಅರ್ಜೂಗೂ ಹೇಳಿ. ಆ ಹುಡುಗಿ ದಿನಾ ಇವಳಿಗೆ ಫೋನ್ ಮಾಡಿ "ವಿಡಿಯೋ ಆನ್ ಮಾಡೇ, ಮುಖ ತೋರ್ಸೇ" ಅಂತ ಪೀಡಿಸುತ್ತಾಳಂತೆ. ಅವಳಿಗೆ ಇಷ್ಟವಿಲ್ಲ ಅಂದ ಮೇಲೆ ಬಿಟ್ಟುಬಿಡಬೇಕು.

ಬುಟ್ಟಿ ಕಳಿಸಿದ್ದೇನೆ. ಖಾಲಿ ಕಳಿಸಿ ನಿಮ್ಮ ಬಾಯಿಗೆ ಬೀಳಲು ನನಗೇನು ಹುಚ್ಚೇ? ಈ ಸಲ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕಿದ್ದ ಸಾಸಿವೆ ಚೆನ್ನಾಗಿ ಬಂದಿದೆ. ಸಣ್ಣ ಕಾಳು, ಕಲ್ಲು ಮಣ್ಣು ಇಲ್ಲ. ಎರಡು ಸಲ ಕೇರಿದ್ದೇನೆ. ಏನು ಬೇಕಾದರೂ ಮಾಡಿಕೊಳ್ಳಿ.

ಮಂಜುಳಮ್ಮ


ಶಿರಾ ಗೇಟ್, ತುಮಕೂರು
21 ಡಿಸೆಂಬರ್ 2025

ಮಂಜುಳಮ್ಮನವರಿಗೆ,

ಸಾಸಿವೆ ಬಂತು. ಮೊದಲೆಲ್ಲ ವರ್ಷ ವರ್ಷ ಕಳಿಸುತ್ತಿದ್ದಿರಿ. ಆ ಕೂಸು ಹೋದ ವರ್ಷದಿಂದ ನಿಂತಿತು. ಯಾಕೆ ನಿಂತಿತು ಅಂತ ನಾನು ಕೇಳಲಿಲ್ಲ. ಈಗ, ನಾನು ದಿಂಬಿನ ಮಾತು ಎತ್ತಿದ ತಕ್ಷಣ, ಬುಟ್ಟಿ ತುಂಬ ಸಾಸಿವೆ. ಅರ್ಥವಾಗದಷ್ಟು ದಡ್ಡಿಯಲ್ಲ ನಾನು. "ತಗೋ, ನಿನ್ನ ದಿಂಬಿನ ಸಾಸಿವೆ ವಾಪಸ್ ಕೊಟ್ಟಿದ್ದೀನಿ, ಬಾಯಿ ಮುಚ್ಚಿಕೋ" ಅಂತ ತಾನೇ? ಎರಡು ಸಲ ಬೇರೆ ಕೇರಿದ್ದೀರಂತೆ. ಪಾಪ, ಕೈ ನೋವಾಗಿರಬೇಕು.

ನನ್ನ ಪ್ರಶ್ನೆಗೆ ನೀವು ಉತ್ತರ ಹೇಳಲಿಲ್ಲ. ಹೇಳಲು ಆಗುವುದೂ ಇಲ್ಲ. ಹೇಗೆ ಹೇಳಿದರೂ ನೀವೇ ಸಿಕ್ಕಿಬೀಳುತ್ತೀರಿ. ದಿಂಬು ಕೆಟ್ಟದ್ದು ಅಂತ ನಂಬಿದ್ದರೆ, ಅದನ್ನು ನಿಮ್ಮ ತಂಗಿ ಮಗಳ ಕೂಸಿನ ತಲೆ ಕೆಳಗೆ ಹೇಗೆ ಇಟ್ಟಿರಿ? ಅವರ ಮಗು ಏನಾದರೂ ಆಗಲಿ ಅಂತಲೇ? ಕೆಟ್ಟದ್ದಲ್ಲ ಅಂತ ನಂಬಿದ್ದರೆ, ಮಾನಸಾಳ ಟ್ರಂಕಿನಿಂದ ಅದನ್ನು ಯಾಕೆ ತೆಗೆದಿರಿ? ಎರಡರಲ್ಲಿ ಒಂದು ಹೇಳಿ. ಎರಡೂ ಅಲ್ಲವಾದರೆ ಮೂರನೆಯದು ಒಂದೇ ಉಳಿಯುತ್ತದೆ: ಸಾಬರ ಮನೆಯ ಹಳೇ ಸೀರೆ ಮಗಳ ಟ್ರಂಕಿನಲ್ಲಿ ಇರಬಾರದು ಅಂತ. ಇದನ್ನು ಬರೆಯಲು ನನ್ನ ಕೈ ಬರಲಿಲ್ಲ, ಬರೆಸಿದವರು ನೀವು.

ಮಾನಸಾ ಅರ್ಜೂ ಜೊತೆ ವಿಡಿಯೋದಲ್ಲಿ ಮಾತಾಡದೇ ಇರುವುದೂ ನೀವು ಕಲಿಸಿದ್ದೇ ಇರಬೇಕು. ನಮ್ಮ ಮುಖ ನೋಡುವುದೂ ಬೇಡವಾಯಿತೇ?

ನಿಮ್ಮ ಸಾಸಿವೆಯನ್ನು ನಾನು ಇಟ್ಟುಕೊಂಡಿಲ್ಲ. ಅರೆದು ನಿಂಬೆಹಣ್ಣಿನ ಉಪ್ಪಿನಕಾಯಿಗೆ ಹಾಕಿಬಿಟ್ಟೆ. ಒಂದು ಜಾಡಿ ಇದೇ ಬುಟ್ಟಿಯಲ್ಲಿ ಬರುತ್ತಿದೆ. ನಿಮ್ಮ ಕಾಳು ನಿಮ್ಮ ಬಾಯಿಗೇ.

ಫಿರ್ದೋಸ್


ಅಮೃತೂರು
16 ಜನವರಿ 2026

ಫಿರ್ದೋಸ್ ಅವರಿಗೆ,

ಸಾಬರ ಮನೆ ಅಂತ ಬರೆದಿದ್ದೀರಿ. ನಿಮ್ಮ ಮನೆಯ ಒಲೆಯ ಮುಂದೆ ಕೂತು ಎಷ್ಟು ಸಲ ಉಂಡಿದ್ದೇನೆ ಅಂತ ನಿಮ್ಮ ಒಲೆಯನ್ನೇ ಕೇಳಿ. ನನ್ನನ್ನು ಜಗಳಗಂಟಿ ಅನ್ನಿ, ಒಪ್ಪುತ್ತೇನೆ. ಆ ಮಾತು ಮಾತ್ರ ಇನ್ನೊಂದು ಸಲ ಬರೆದರೆ ಬಸ್ಸು ಹತ್ತಿ ಬಂದು ನಿಮ್ಮ ಅಂಗಡಿ ಮುಂದೆಯೇ ಕೇಳುತ್ತೇನೆ, ಎಲ್ಲರೂ ನೋಡಲಿ.

ಉಪ್ಪಿನಕಾಯಿಗೆ ಉಪ್ಪು ಜಾಸ್ತಿ, ಖಾರ ಕಡಿಮೆ. ಕೈ ತೊಳೆದು ಮಾಡಿದ ಹಾಗೆ ಕಾಣಲಿಲ್ಲ. ಆದರೂ ಜಾಡಿ ಖಾಲಿಯಾಗಿದೆ. ನಾನು ತಿಂದದ್ದಲ್ಲ. ಮನೆಯಲ್ಲಿ ಯಾರೋ ಹೊತ್ತು ಗೊತ್ತಿಲ್ಲದೆ ಬೆರಳು ಹಾಕಿ ನೆಕ್ಕಿದರು.

ಹಬ್ಬ ಕಳೆಯಿತು. ಎಳ್ಳು ಬೀರದೆ ಇದ್ದರೆ ಅದಕ್ಕೂ ಒಂದು ಕಾಗದ ಬರುತ್ತದೆ ಅಂತ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಕಳಿಸಿದ್ದೇನೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನುತ್ತಾರೆ. ನಿಮ್ಮ ವಿಷಯದಲ್ಲಿ ಎಷ್ಟು ಸೇರು ಬೇಕಾಗುತ್ತದೋ ಗೊತ್ತಿಲ್ಲ. ಇಷ್ಟರಿಂದ ಶುರು ಮಾಡಿ.

ನಿಮ್ಮ ಎರಡರಲ್ಲಿ ಒಂದು ಹೇಳಿ ಅನ್ನುವ ಪ್ರಶ್ನೆ ಓದಿದೆ. ಈಗ ಉತ್ತರ ಹೇಳುವ ಹೊತ್ತಲ್ಲ. ಯಾಕಲ್ಲ ಅಂತಲೂ ಕೇಳಬೇಡಿ.

ಮಂಜುಳಮ್ಮ


ಶಿರಾ ಗೇಟ್, ತುಮಕೂರು
23 ಜನವರಿ 2026

ಮಂಜುಳಮ್ಮನವರಿಗೆ,

ಎಳ್ಳು ಬೆಲ್ಲ ತಿಂದೆವು. ಒಳ್ಳೆ ಮಾತು ಇನ್ನೂ ಬಂದಿಲ್ಲ, ಬಂದಾಗ ತಿಳಿಸುತ್ತೇನೆ.

ಅದರಲ್ಲಿನ ಕೊಬ್ಬರಿ ನೀವು ಹೆಚ್ಚಿದ್ದಲ್ಲ. ನಿಮ್ಮದು ಕೂದಲಿನ ಹಾಗೆ ಇರುತ್ತದೆ. ಇದು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಮಾನಸಾಳ ಕೈ. ಚಿಕ್ಕಂದಿನಲ್ಲಿ ಸಂಕ್ರಾಂತಿಯ ಮುಂಚೆ ನನ್ನ ಪಕ್ಕ ಕೂತೇ ಹೆಚ್ಚುತ್ತಿದ್ದಳು, ನಾನು ಅವಳದನ್ನು ಕದ್ದು ಮತ್ತೆ ಸಣ್ಣಗೆ ಮಾಡುತ್ತಿದ್ದೆ. ಅಂದರೆ ಅವಳು ಅಮೃತೂರಿನಲ್ಲಿದ್ದಾಳೆ. ಉಪ್ಪಿನಕಾಯಿ ಮುಗಿಸಿದ ಬೆರಳೂ ಅವಳದೇ ಇರಬೇಕು. ಡಿಸೆಂಬರಿನಿಂದ ಅವಳು ಅಲ್ಲೇ ಇದ್ದಾಳೆ ಅಂತ ಲೆಕ್ಕ. ಕುಣಿಗಲ್ಲಿನಲ್ಲಿ ಗಂಡನ ಮನೆ ಇಟ್ಟುಕೊಂಡು ಹೆಣ್ಣುಮಗಳು ಇಷ್ಟು ದಿನ ತವರಲ್ಲಿ ಯಾಕೆ ಕೂತಿದ್ದಾಳೆ? ಅಳಿಯಂದಿರ ಜೊತೆ ಏನಾದರೂ ಆಯಿತೇ? ಮಗು ಇಲ್ಲ ಅಂತ ಅವರ ಮನೆಯವರು ಏನಾದರೂ ಅಂದರೇ? ಅಂದಿದ್ದರೆ ನನಗೆ ಹೇಳಿ. ನಿಮ್ಮ ಹಾಗೆ ಮಡಚಿಟ್ಟುಕೊಂಡು ಕೂರುವವಳಲ್ಲ ನಾನು, ಹೋಗಿ ಕೇಳಿ ಬರುತ್ತೇನೆ.

ಹೇಳುವುದಿಲ್ಲ, ಗೊತ್ತು. ನಾನು ಯಾರು ಕೇಳಲು.

ಬುಟ್ಟಿಯಲ್ಲಿ ಎರಡು ಮಸಿಬಟ್ಟೆ ಇಟ್ಟಿದ್ದೇನೆ. ಅಂಗಡಿಯ ಚಿಂದಿ ಸೇರಿಸಿ ನಾಲ್ಕು ಪದರ ಹೊಲಿದದ್ದು, ಬಿಸಿ ಪಾತ್ರೆ ಹಿಡಿದರೆ ಕೈ ಸುಡುವುದಿಲ್ಲ. ಯಾರಿಗಾದರೂ ಕೊಡುವುದಿದ್ದರೆ ಗುಬ್ಬಿಗೇ ಕೊಡಿ, ಅಲ್ಲಿ ನನ್ನ ವಸ್ತುಗಳಿಗೆ ಜೊತೆಯಾಗುತ್ತದೆ.

ಫಿರ್ದೋಸ್


ಶಿರಾ ಗೇಟ್, ತುಮಕೂರು
10 ಫೆಬ್ರವರಿ 2026

ಶ್ರೀಮತಿ ಮಂಜುಳಮ್ಮ ಅನಂತರಾಜು ಅವರಿಗೆ,

ಭಾನುವಾರ ಬುಟ್ಟಿ ಬಂತು. ಕಾಗದ ಇಲ್ಲ. ಒಳಗೆ ಕೈ ಹಾಕಿದೆ. ಏನೂ ಇಲ್ಲ. ಒಂದು ಕಾಳು ಸಕ್ಕರೆಯೂ ಇಲ್ಲ.

ಯಾರೋ ಹೋಗಿಬಿಟ್ಟರು ಅಂದುಕೊಂಡೆ. ಅನಂತರಾಜಣ್ಣನವರೋ, ಅಲ್ಲಾಹ್ ಕ್ಷಮಿಸಲಿ, ಮಾನಸಾಳೋ ಅಂತ ಏನೇನೋ ಯೋಚನೆ ಬಂತು. ಓಡಿ ಹೋಗಿ ಚೌಡಪ್ಪನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಓದಿ:

"ಏನೂ ಆಗಿಲ್ಲ ಕಣಮ್ಮ, ಎಲ್ರೂ ಚೆನ್ನಾಗವ್ರೆ. ಯಜಮಾನ್ರು ತೋಟದ ತಾವ ನಿಂತಿದ್ರು, ಕೈ ಎತ್ತುದ್ರು. ಅಮ್ಮಾವ್ರೇ ಬಸ್ ತಾವ ಬಂದ್ರು. ಬುಟ್ಟಿ ನನ್ ಕೈಗೆ ಕೊಡ್ನಿಲ್ಲ, ಮೆಟ್ಲು ಮ್ಯಾಲಿಟ್ಟು ದೂರ ಸರ್ಕೊಂಡ್ರು. ನಗ್ತಾ ಇದ್ರು. ಅಷ್ಟು ನಗ್ತಾ ಇದ್ದದ್ದು ನಾನು ನೋಡೇ ಇಲ್ಲ ಬುಡಿ."

ನಗುತ್ತಿದ್ದರಂತೆ. ಕೈಗೆ ಕೊಡಲಿಲ್ಲವಂತೆ, ಕಸ ಇಟ್ಟ ಹಾಗೆ ಇಟ್ಟರಂತೆ.

ಮನೆಯಲ್ಲಿ ಸಾವಿಲ್ಲ, ನೋವಿಲ್ಲ, ಎಲ್ಲರೂ ಗಟ್ಟಿಮುಟ್ಟಾಗಿದ್ದು ಬುಟ್ಟಿ ಖಾಲಿ ಕಳಿಸಿದ್ದೀರಿ. ಖಾಲಿ ಬುಟ್ಟಿಯ ಅರ್ಥ ಏನು ಅಂತ ನನಗೆ ಕಲಿಸಿದವರೇ ನೀವು. ನಿಮ್ಮ ಪಾಲಿಗೆ ನಾನು ಸತ್ತೆ ಅಂತ ಹೇಳಲು ಇದಕ್ಕಿಂತ ಚೆನ್ನಾದ ದಾರಿ ಇರಲಿಲ್ಲ. ನನ್ನ ಹೆಣದ ಮೇಲೆ ನಗುತ್ತಾ ಬುಟ್ಟಿ ಇಟ್ಟು ಹೋದಿರಿ.

ಸಂತೋಷ. ಈಗ ನಾನು ಹೇಳುವುದನ್ನೂ ಕೇಳಿಸಿಕೊಳ್ಳಿ. ನೀವು ಕಾಗದದಲ್ಲಿ ಏನೇ ಬೈದರೂ ಆ ಹುಡುಗಿಗೋಸ್ಕರ ಬುಟ್ಟಿ ತುಂಬಿ ಕಳಿಸಿದೆ. ಇನ್ನು ಇಲ್ಲ. ಮಾನಸಾ ನನಗೆ ಯಾರೂ ಅಲ್ಲ. ಅವಳಿಗೆ ನಾಳೆ ಮಗುವಾದರೂ ನನಗೆ ತಿಳಿಸಬೇಡಿ. ಹೆಣ್ಣೋ ಗಂಡೋ ನಾನು ಕೇಳುವುದಿಲ್ಲ. ಕೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಇದಕ್ಕೆ ಉತ್ತರ ಬರೆಯಬೇಡಿ.

ಫಿರ್ದೋಸ್


ಅಮೃತೂರು
16 ಫೆಬ್ರವರಿ 2026

ಫಿರ್ದೋಸೂ,

ನಾಲಿಗೆ ಬೀಳಿಸಿಕೊಳ್ಳಬೇಡ, ನೀನು ಕೇಳುವ ಮೊದಲೇ ಹೇಳುತ್ತೇನೆ. ಹೆಣ್ಣು. ನೀನು "ತಿಳಿಸಬೇಡಿ" ಅಂತ ಬರೆಯುತ್ತಿದ್ದಾಗ ಅದು ಆಗಲೇ ಹುಟ್ಟಿ ತೊಟ್ಟಿಲಲ್ಲಿ ಕಿರುಚುತ್ತಿತ್ತು. ಕುಣಿಗಲ್ಲಿನ ಆಸ್ಪತ್ರೆಯಲ್ಲಿ ನಾಲ್ಕನೇ ತಾರೀಕು ಹೆರಿಗೆ, ಬಾಣಂತಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ದಡ್ಡಿ, ಸೂತಕ ಸತ್ತ ಮನೆಗೆ ಮಾತ್ರವೇ? ಹೆತ್ತ ಮನೆಗೂ ಉಂಟು. ಪುರುಡು ಅನ್ನುತ್ತೇವೆ. ಪುರುಡು ಕಳೆಯುವ ತನಕ ನಮ್ಮ ಮನೆಯಿಂದ ಏನೂ ಹೊರಗೆ ಕೊಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಅದಕ್ಕೇ ಚೌಡಪ್ಪನ ಕೈಗೆ ಕೊಡಲಿಲ್ಲ, ಒಳಗೆ ಏನೂ ಹಾಕಲಿಲ್ಲ. ಬುಟ್ಟಿ ನಿನ್ನದು, ಅದನ್ನು ಕಳಿಸಬಹುದಿತ್ತು. ಖಾಲಿ ಬುಟ್ಟಿ, ಅದೂ ನಾನು ನಗುತ್ತಾ ಇಟ್ಟದ್ದು ಅಂದರೆ ನಿನಗೆ ಹೊಳೆಯುತ್ತದೆ ಅಂದುಕೊಂಡೆ. ಇಷ್ಟು ವರ್ಷ ನಮ್ಮ ಗೋಡೆಗೆ ಕಿವಿ ಕೊಟ್ಟು ಬದುಕಿದವಳು ಅರ್ಧ ಪದ್ಧತಿ ಮಾತ್ರ ಕಲಿತಿದ್ದೀಯ ಅಂತ ನನಗೇನು ಗೊತ್ತು? ಮಾನಸಾ ಹುಟ್ಟಿದಾಗ ನೀವು ವಠಾರಕ್ಕೆ ಬಂದಿರಲಿಲ್ಲ ಅನ್ನುವುದು ನಿನ್ನ ಕಾಗದ ಓದಿದ ಮೇಲೆ ನೆನಪಾಯಿತು. ಚೌಡಪ್ಪ ನಕ್ಕದ್ದು ನೋಡಿದನಂತೆ. ಹೌದು, ನಕ್ಕೆ. ಮೂರು ವರ್ಷದಿಂದ ಕೂಡಿಟ್ಟದ್ದು.

ಬಸುರಿನ ವಿಷಯ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೇಳಿದ್ದರೆ ನೀನು ಆವತ್ತೇ ದಾರ ಪೋಣಿಸುತ್ತಿದ್ದೆ. ನಿನ್ನ ಕೈ ಸುಮ್ಮನೆ ಇರುತ್ತದೆಯೇ? ನಾನೇ ಮಾನಸಾಳ ಹತ್ತಿರ ಆಣೆ ಹಾಕಿಸಿಕೊಂಡೆ. ಹೊಟ್ಟೆ ಕಾಣುತ್ತದೆ ಅಂತ ಅವಳು ಅರ್ಜೂಗೆ ಮುಖ ತೋರಿಸಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ.

ಈಗ ನಿನ್ನ ಹೌದು ಇಲ್ಲ. ಹೌದು. ನಂಬಿದ್ದೆ. ಸೊಂಟ ಮುರಿದು ಕೂತವಳಿಗೆ ಯಾರನ್ನಾದರೂ ದೂರಬೇಕಿತ್ತು, ದಿಂಬು ಕಣ್ಣೆದುರಿಗೆ ಇತ್ತು. ಮನೆಯಲ್ಲಿ ಇಡಲೂ ಆಗಲಿಲ್ಲ, ಬಿಸಾಡಲೂ ಮನಸ್ಸು ಬರಲಿಲ್ಲ. ತಂಗಿ ಮಗಳು ನೋಡಿ "ಚೆನ್ನಾಗದೆ, ನಂಗೆ ಕೊಡ್ತೀಯಾ ದೊಡ್ಡಮ್ಮ?" ಅಂದಳು. ಕೊಡಬಾರದ ಕಾರಣ ನನ್ನ ಬಾಯಿಂದ ಹೇಳಲಾಗಲಿಲ್ಲ, ಕೊಟ್ಟೆ. ಕೊಟ್ಟ ಮೇಲೆ ನಿದ್ದೆ ಹೋಯಿತು. ಬೆಳಗಾದರೆ ಗುಬ್ಬಿಗೆ ಫೋನ್ ಮಾಡಿ ಮಗು ಹೇಗಿದೆ ಅಂತ ಕೇಳುತ್ತಿದ್ದೆ. ಆ ಮಗು ದುಂಡಗೆ ಬೆಳೆಯಿತು. ಎರಡನೆಯದೂ ಅದರ ಮೇಲೇ ಮಲಗಿದೆ. ಆವಾಗಲೇ ನಿನಗೆ ಹೇಳಬಹುದಿತ್ತು, ನಂಬಿದ್ದು ಸುಳ್ಳಾಯಿತು ಅಂತ. ಅದಕ್ಕಿಂತ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿರುವುದೇ ಸುಲಭ ಇತ್ತು.

ನಿನಗೂ ತಲೆ ಇಲ್ಲ. ಮೂರು ವರ್ಷ ಬಿಟ್ಟು, ಎರಡು ಸಲ ಕೇರಿ, ಸಣ್ಣ ಕಾಳಿನ ಸಾಸಿವೆ ಯಾಕೆ ಕಳಿಸಿದೆ ಅಂದುಕೊಂಡೆ? ಬಾಯಿಬಿಟ್ಟು ಹೊಲಿ ಅಂದರೆ ಎಲ್ಲಿ ಮತ್ತೆ ಏನಾಗುತ್ತದೋ ಅಂತ ಭಯ. ಹೊಲಿಯಬೇಡ ಅನ್ನಲೂ ಆಗುವುದಿಲ್ಲ. ಕಾಳು ಕಳಿಸಿದೆ. ನೀನು ಅರೆದು ಉಪ್ಪಿನಕಾಯಿ ಹಾಕಿದೆ. ನಿನ್ನ ಬುದ್ಧಿಗೆ ಏನು ಹೇಳಲಿ.

ಮಗು ಎಡಗಡೆಗೇ ತಲೆ ಹಾಕಿ ಮಲಗುತ್ತದೆ. ಒಂದು ಕಡೆ ಚಪ್ಪಟೆ ಆಗುತ್ತಿದೆ. ಬಾಣಂತಿ ನಿನ್ನೆಯಿಂದ "ಫಿರ್ದೋಸ್ ಆಂಟಿ ದಿಂಬು ಎಲ್ಲಮ್ಮ?" ಅಂತ ಒಂದೇ ಸಮ ಪ್ರಾಣ ತಿನ್ನುತ್ತಿದ್ದಾಳೆ. ಕೇಳಲು ನನಗೆ ಮುಖವಿಲ್ಲ, ಅದಕ್ಕೆ ಕೇಳುತ್ತಿಲ್ಲ. ಅವಳು ಹೇಳಿದ್ದನ್ನು ಬರೆದಿದ್ದೇನೆ ಅಷ್ಟೇ. ನಿನಗೆ ಆಗದಿದ್ದರೆ ಬಿಡು, ಕುಣಿಗಲ್ಲಿನ ಅಂಗಡಿಯಲ್ಲಿ ಸ್ಪಂಜಿನದು ಸಿಗುತ್ತದೆ.

ಮಂಜುಳ


ಶಿರಾ ಗೇಟ್, ತುಮಕೂರು
17 ಫೆಬ್ರವರಿ 2026

ಮಂಜುಳಕ್ಕ,

ಕಾಗದ ಓದಿ ಅಂಗಡಿಯ ಹತ್ತಿ ಮೂಟೆಯ ಮೇಲೆ ಕೂತು ಅತ್ತೆ. ನಮ್ಮ ಯಜಮಾನರು ಯಾರು ಹೋದರು ಅಂತ ಕೇಳಿದರು. ಬಂದರು ಅಂದೆ. ಇದರಿಂದ ನಿಮ್ಮ ಮೇಲಿನ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಏರಿದೆ. ಒಂಬತ್ತು ತಿಂಗಳು ನನ್ನ ಮಗಳ ಬಸುರನ್ನು ನನ್ನಿಂದ ಬಚ್ಚಿಟ್ಟಿರಿ. ಅವಳಿಗೆ ಒಂದು ತುತ್ತು ಬಿರಿಯಾನಿ ಕಳಿಸುವ ಭಾಗ್ಯ ನನಗೆ ಕೊಡಲಿಲ್ಲ. ಇದಕ್ಕೆ ನಿಮ್ಮನ್ನು ಕ್ಷಮಿಸುತ್ತೇನೋ ಇಲ್ಲವೋ ನೋಡೋಣ, ಅವಸರವಿಲ್ಲ.

ಹೌದು ಅಂತ ಬರೆದಿರಲ್ಲ, ಅದು ಒಳ್ಳೆಯದಾಯಿತು. ಇಲ್ಲ ಅಂತ ಬರೆದಿದ್ದರೆ ಈ ಬುಟ್ಟಿ ಬರುತ್ತಿರಲಿಲ್ಲ. ಸುಳ್ಳು ಹೇಳಿದರೆ ನಿಮ್ಮ ಅಕ್ಷರ ಸಣ್ಣದಾಗುತ್ತದೆ, ನನಗೆ ಗೊತ್ತು.

ನಾನೂ ಒಂದು ಸುಳ್ಳು ಹೇಳಿದ್ದೆ. ಉಪ್ಪಿನಕಾಯಿಗೆ ಹಾಕಿದ್ದು ಅಂಗಡಿಯ ಸಾಸಿವೆ. ನಿಮ್ಮದನ್ನು ತೊಳೆದು, ತಾರಸಿಯ ಮೇಲೆ ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಬೈಯುತ್ತಲೇ ಒಣಗಿಸಿದೆ.

ಬುಟ್ಟಿ ಬಿಚ್ಚಿ ನೋಡಿ. ಒಂದು ಪೊಟ್ಟಣದಲ್ಲಿ ನಿಮ್ಮ ಹೊಲದ ಸಾಸಿವೆ ಇದೆ. ಅದರ ಜೊತೆ ದಿಂಬಿನ ಚೀಲ, ಅದೇ ಹಳದಿ ಸೀರೆಯ ಉಳಿದ ತುಂಡು. ನಿನ್ನೆ ಸಂಜೆ ಹೊಲಿದೆ. ಮೂರು ಬದಿ ಮಾತ್ರ. ಈ ಸಲ ದಾರ ಮುಗಿದದ್ದಲ್ಲ. ನಾಲ್ಕನೇ ಬದಿ ಬೇಕೆಂದೇ ಬಿಟ್ಟಿದ್ದೇನೆ. ಬಟ್ಟೆಗೆ ಸೂಜಿ ಚುಚ್ಚಿಟ್ಟಿದ್ದೇನೆ, ಹಸಿರು ದಾರ ಪೋಣಿಸಿಯೇ ಇದೆ. ಸೂಜಿ ಕೊಟ್ಟರೆ ಜಗಳವಾಗುತ್ತದೆ ಅನ್ನುತ್ತೀರಿ. ನಮ್ಮಿಬ್ಬರ ನಡುವೆ ಇನ್ನು ಯಾವ ಜಗಳ ಬಾಕಿ ಇದೆ, ತೆಗೆದುಕೊಳ್ಳಿ.

ಸಾಸಿವೆ ನೀವೇ ತುಂಬಿ. ಮುಕ್ಕಾಲು ಸಾಕು, ಬಿಗಿಯಾದರೆ ಕತ್ತು ನೋಯುತ್ತದೆ. ಆಮೇಲೆ ಆ ನಾಲ್ಕನೇ ಬದಿ ನೀವು ಹೊಲಿಯಿರಿ. ಮಾನಸಾ ಬೇಡ, ಅನಂತರಾಜಣ್ಣನವರು ಬೇಡ, ನೀವೇ. ಕಣ್ಣು ಕಾಣುವುದಿಲ್ಲ ಅಂದರೆ ಕನ್ನಡಕ ಹಾಕಿಕೊಳ್ಳಿ. ಹೊಲಿಗೆ ವಕ್ರವಾದರೂ ಪರವಾಗಿಲ್ಲ. ಆ ಮಗು ದುಂಡಗೆ ಬೆಳೆದರೆ ಇಬ್ಬರ ಕೈ. ನಾಳೆ ಅದಕ್ಕೆ ಒಂದು ಸೀನು ಬಂದರೂ, ಒಂದು ಜ್ವರ ಬಂದರೂ, ಇಬ್ಬರ ಕೈ. ಇನ್ನೊಂದು ಸಲ ನಾನೊಬ್ಬಳೇ ಆ ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳಲಾರೆ.

ನಾಡಿದ್ದಿನಿಂದ ರೋಜಾ ಉಪವಾಸ ಶುರುವಾಗುತ್ತದೆ. ಹಬ್ಬ ಕಳೆದ ಮೇಲೆ ಮಗು ನೋಡಲು ಬರುತ್ತೇನೆ. ನಿಮ್ಮನ್ನು ಮಾತಾಡಿಸುತ್ತೇನೆ ಅಂತ ಈಗಲೇ ಹೇಳಲಾರೆ. ಬಂದವಳೇ ಮೊದಲು ದಿಂಬು ತಿರುಗಿಸಿ ಹಸಿರು ಹೊಲಿಗೆ ನೋಡುತ್ತೇನೆ.

ಪುರುಡು ಕಳೆಯಿತಲ್ಲ. ಬುಟ್ಟಿ ಖಾಲಿ ಕಳಿಸಬೇಡಿ.

ಫಿರ್ದೋಸು